ಸಹಾಯ ಬೇಕು: ಸ್ವೀಕೃತ ಹಸ್ತಪ್ರತಿಯನ್ನು ರೆಪೊಸಿಟರಿಯಲ್ಲಿ (ಆನ್‌ಲೈನ್ ಲೇಖನ ಸಂಗ್ರಹದಲ್ಲಿ) ಈಗಲೇ ತೆರೆದಿಡಬಹುದೇ?

ಎರಡು ವಾರದಿಂದ ಇದೇ ಗೋಜಲಿನಲ್ಲಿದ್ದೇನೆ, ತಿಳಿದವರು ದಯವಿಟ್ಟು ದಾರಿ ತೋರಿಸಿ. ನನ್ನ ಲೇಖನ ಕಳೆದ ತಿಂಗಳು ಚಂದಾ ಆಧಾರಿತ ಜರ್ನಲ್ ಒಂದರಲ್ಲಿ ಪ್ರಕಟವಾಯಿತು. ಅನುದಾನ ಕೊಟ್ಟವರು 2021ರಲ್ಲಿ ಜಾರಿಗೆ ಬಂದ ಪ್ಲಾನ್ ಎಸ್ ನೀತಿಯನ್ನು (ಅನುದಾನ ಪಡೆದ ಸಂಶೋಧನೆ ಎಲ್ಲರಿಗೂ ಉಚಿತವಾಗಿ ಓದಲು ಸಿಗಬೇಕೆನ್ನುವ ನೀತಿ) ಪಾಲಿಸುವವರು. ಅದರ ಪ್ರಕಾರ, ಲೇಖನ ಪ್ರಕಟವಾದ ಕೂಡಲೇ ಸ್ವೀಕೃತ ಹಸ್ತಪ್ರತಿ (ಜರ್ನಲ್ ಅಂಗೀಕರಿಸಿದ, ಇನ್ನೂ ಅದರ ಪುಟವಿನ್ಯಾಸ ಆಗಿರದ ಲೇಖಕರ ಪ್ರತಿ) ಸಿಸಿ ಬೈ ಪರವಾನಗಿಯಲ್ಲಿ (ಲೇಖಕರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು) ಎಲ್ಲರಿಗೂ ಸಿಗಬೇಕು. ಅದಕ್ಕಾಗಿಯೇ ಸಲ್ಲಿಸುವಾಗ, ಸ್ವೀಕೃತ ಹಸ್ತಪ್ರತಿಗೆ ಸಿಸಿ ಬೈ ಅನ್ವಯಿಸುತ್ತದೆ ಎಂದು ಹೇಳಿ ಹಕ್ಕು ಉಳಿಸಿಕೊಳ್ಳುವ ವಾಕ್ಯವನ್ನು ಹಸ್ತಪ್ರತಿಯಲ್ಲೇ ಸೇರಿಸಿದ್ದೆ. ಅಂಗೀಕಾರವಾದ ಮೇಲೆ ಪ್ರಕಾಶಕರಿಂದ ಬಂದ ಒಪ್ಪಂದಕ್ಕೆ ಮಾತ್ರ ಸರಿಯಾಗಿ ಓದದೆ ಸಹಿ ಹಾಕಿಬಿಟ್ಟೆ (ಬೈಯಬೇಡಿ, ನಾನೇ ಸಾಕಷ್ಟು ಬೈದುಕೊಂಡಿದ್ದೇನೆ). ಅದರಲ್ಲಿ ಹಸ್ತಪ್ರತಿಯನ್ನು 12 ತಿಂಗಳು ತೆರೆದಿಡಬಾರದೆಂಬ ತಡೆ ಇದೆ.

ಹಿಂದೆ ಶೆರ್ಪಾ ರೋಮಿಯೊ ಎನ್ನುತ್ತಿದ್ದ ಓಪನ್ ಪಾಲಿಸಿ ಫೈಂಡರ್‌ನಲ್ಲಿ (ಜರ್ನಲ್‌ಗಳ ಮುಕ್ತ ಪ್ರಕಟಣೆಯ ನಿಯಮಗಳನ್ನು ಹುಡುಕುವ ಜಾಲತಾಣ) ನೋಡಿದೆ, ಅಲ್ಲೂ 12 ತಿಂಗಳೇ. ಪ್ರಕಾಶಕರಿಗೆ ಬರೆದರೆ ಶುಲ್ಕ ಕಟ್ಟಿ ಮುಕ್ತಗೊಳಿಸಿ ಎಂಬ ಸಿದ್ಧ ಉತ್ತರ ಬಂತು. ಗ್ರಂಥಪಾಲಕರು ಸದ್ಯಕ್ಕೆ ಶೀರ್ಷಿಕೆ, ಸಾರಾಂಶ ಮಾತ್ರ ಕಾಣುವಂತೆ ಇಟ್ಟು ಕಡತಕ್ಕೆ ಬೀಗ ಹಾಕಿದ್ದಾರೆ. ಅಷ್ಟಕ್ಕೆ ಅನುದಾನದ ಷರತ್ತು ಪೂರೈಸಿದಂತಾಗುವುದಿಲ್ಲ.

ನಾನು ಕೇಳುತ್ತಿರುವುದು ಜರ್ನಲ್ಲಿನ ಪಿಡಿಎಫ್ ಬಗ್ಗೆ ಅಲ್ಲ, ನನ್ನದೇ ಹಸ್ತಪ್ರತಿಯ ಬಗ್ಗೆ. ಮೊದಲೇ ಸೇರಿಸಿದ್ದ ಸಿಸಿ ಬೈ ವಾಕ್ಯ ನಿಲ್ಲುತ್ತದೆಯೋ, ಆಮೇಲೆ ಹಾಕಿದ ಸಹಿಯೋ? ಇಂಥ ಇಕ್ಕಟ್ಟಿನಲ್ಲಿ ಕಡತ ತೆರೆದವರಿದ್ದರೆ, ಯಾವ ಆಧಾರದ ಮೇಲೆ ತೆರೆದಿರಿ?