ಇಮೋಲಾ 1994: ನಿಜಕ್ಕೂ ಅಲ್ಲಿಂದಲೇ ಎಲ್ಲ ಬದಲಾಯಿತಾ?

ಪಿಟ್‌ಲೇನ್ ಪುಟ್ಟ:
ಮೋಟಾರ್ ರೇಸಿಂಗ್ ಚರಿತ್ರೆಯಲ್ಲಿ ಎಲ್ಲವನ್ನೂ ಬದಲಿಸಿದ ಗಳಿಗೆ ಯಾವುದು? ನನ್ನ ಉತ್ತರ ಇಟಲಿಯ ಇಮೋಲಾ ರೇಸ್. 1994ರ ಏಪ್ರಿಲ್ 30ಕ್ಕೆ ಅಲ್ಲಿ ಚಾಲಕ ರೋಲಂಡ್ ರಾಟ್ಜೆನ್‌ಬರ್ಗರ್ ಅಪಘಾತದಲ್ಲಿ ಸತ್ತರು, ಮಾರನೇ ದಿನ ಅಯರ್ಟನ್ ಸೆನ್ನಾ. ಫಾರ್ಮುಲಾ ಒನ್ ಸುರಕ್ಷತೆಯ ಪಾಠ ಕಲಿತದ್ದೇ ಅವತ್ತು. ಬೇರೆ ಉತ್ತರ ಇದ್ದವರು ಹೇಳಿ, ನೋಡೋಣ.

ಹಳೇ ಕಾರ್ಬುರೇಟರ್:
ಅವತ್ತೇ ಕಲಿತದ್ದು ಅನ್ನೋದು ಸ್ವಲ್ಪ ಜಾಸ್ತಿ ಆಯ್ತು. 1966ರ ಬೆಲ್ಜಿಯಂನ ಸ್ಪಾ ರೇಸ್ ಮರೆತಿರಾ? ಮೊದಲ ಲ್ಯಾಪ್‌ನಲ್ಲೇ ಮಳೆ ಹೊಡೆದು ಒಬ್ಬರ ಹಿಂದೆ ಒಬ್ಬರು ಜಾರಿದರು. ಜಾಕಿ ಸ್ಟೀವರ್ಟ್ ನಜ್ಜುಗುಜ್ಜಾದ ಕಾರಿನೊಳಗೆ ಸಿಕ್ಕಿಕೊಂಡರು. ಮೈಯೆಲ್ಲ ಪೆಟ್ರೋಲ್. ಒಂದು ಕಿಡಿ ಹಾರಿದ್ದರೆ ಮುಗಿದೇ ಹೋಗುತ್ತಿತ್ತು. ಬಿಡಿಸಿದ್ದು ಯಾರು? ಅಲ್ಲೇ ಜಾರಿ ನಿಂತಿದ್ದ ಗ್ರಹಾಂ ಹಿಲ್ ಮತ್ತು ಬಾಬ್ ಬೊಂಡುರಾಂಟ್. ಸ್ಟಿಯರಿಂಗ್ ಬಿಚ್ಚೋಕೆ ಸ್ಪ್ಯಾನರ್ ಇರಲಿಲ್ಲ, ರೇಸ್ ನೋಡಲು ಬಂದವರೊಬ್ಬರ ಹತ್ತಿರ ಕೇಳಿ ತಂದರು. ಆಮೇಲೆ ಸ್ಟೀವರ್ಟ್ ತಮ್ಮ ಕಾರಿನಲ್ಲೇ ಸ್ಪ್ಯಾನರ್ ಅಂಟಿಸಿಕೊಂಡು ಓಡಿಸಿದರು. ತಡೆಗೋಡೆ ಬೇಕು, ಡಾಕ್ಟರ್ ಬೇಕು ಅಂತ ಹಟ ಹಿಡಿದರು. ಪುಕ್ಕಲ ಅಂತ ಅನ್ನಿಸಿಕೊಂಡರು. ಆ ಪುಕ್ಕಲ ಮೂರು ಸಲ ವಿಶ್ವ ಚಾಂಪಿಯನ್!

ಮೂರನೇ ಗೇರ್:
ನನ್ನ ಓಟು ಚಾಲಕ ಜಾಕಿ ಇಕ್ಸ್‌ಗೆ, 1969ರ ಲೆ ಮಾನ್, ಅಂದರೆ ಫ್ರಾನ್ಸಿನ 24 ಗಂಟೆಯ ರೇಸ್. ಆಗ ಅಲ್ಲಿ ಚಾಲಕರು ರಸ್ತೆ ದಾಟಿ ಓಡಿ, ಕಾರಿಗೆ ಹಾರಿ, ಹಾಗೇ ಹೊರಡಬೇಕಿತ್ತು. ಬೆಲ್ಟ್ ಕಟ್ಟಲು ಪುರುಸೊತ್ತೇ ಇಲ್ಲ. ಎಲ್ಲರೂ ಓಡಿದರು, ಇಕ್ಸ್ ಮಾತ್ರ ಸುಮ್ನೆ ನಡೆದುಕೊಂಡು ಹೋದರು. ನಿಧಾನವಾಗಿ ಬೆಲ್ಟ್ ಬಿಗಿದು ಕೊನೆಯವರಾಗಿ ಹೊರಟರು. ಅದೇ ಮೊದಲ ಲ್ಯಾಪ್‌ನಲ್ಲಿ ಜಾನ್ ವುಲ್ಫ್ ಅಪಘಾತದಲ್ಲಿ ಸತ್ತರು. 24 ಗಂಟೆ ಕಳೆದ ಮೇಲೆ ಗೆದ್ದದ್ದು ಇಕ್ಸ್ ಮತ್ತು ಜಾಕಿ ಆಲಿವರ್ ಜೋಡಿಯ ಫೋರ್ಡ್. ಎರಡನೇ ಕಾರಿಗೂ ಅದಕ್ಕೂ ನೂರು ಮೀಟರ್ ಚಿಲ್ಲರೆ ಅಂತರ ಅಷ್ಟೇ. 1970ಕ್ಕೆ ಆ ಓಟದ ಸಂಪ್ರದಾಯ ಹೋಯಿತು.

ಪಿಟ್‌ಲೇನ್ ಪುಟ್ಟ:
ಕಥೆ ಚೆನ್ನಾಗಿದೆ, ಒಪ್ಪಿದೆ. ಆದರೆ ಅವು ಒಬ್ಬೊಬ್ಬರ ಹಟ. ಇಮೋಲಾ ಆದ ಮೇಲೆ ನಿಯಮಗಳೇ ಬದಲಾದವು. 1995ಕ್ಕೆ ಸೆನ್ನಾ ಅಪಘಾತವಾದ ಟಂಬುರೆಲ್ಲೋ ತಿರುವಿನ ವೇಗ ತಗ್ಗಿಸಿದರು, 1996ಕ್ಕೆ ಚಾಲಕ ಕೂರುವ ಕಾಕ್‌ಪಿಟ್‌ನ ಅಂಚು ಎತ್ತರಿಸಿದರು.

ಸ್ಲಿಪ್‌ಸ್ಟ್ರೀಮ್:
ಪುಟ್ಟ ಅವರೇ, ಹಾನ್ಸ್ ಸಾಧನದ ಮಾತೇ ಎತ್ತಲಿಲ್ಲ ನೀವು. ಡಿಕ್ಕಿಯಾದಾಗ ಬೆಲ್ಟ್ ಮೈಯನ್ನು ಹಿಡಿಯುತ್ತದೆ, ತಲೆಯನ್ನು ಹಿಡಿಯುವವರಿಲ್ಲ. ತಲೆ ಮುಂದಕ್ಕೆ ಚಿಮ್ಮಿದರೆ ಬುರುಡೆಯ ಬುಡವೇ ಮುರಿಯುತ್ತದೆ. ಹೆಗಲ ಮೇಲೆ ಕೂತು ಹೆಲ್ಮೆಟ್ ಹಿಡಿದಿಡುವ ಆ ಕಾಲರನ್ನು ರಾಬರ್ಟ್ ಹಬರ್ಡ್ 1980ರ ದಶಕದಲ್ಲೇ ಮಾಡಿದ್ದರು. ಕಿರಿಕಿರಿ ಅಂತ ಚಾಲಕರೇ ಬೇಡ ಅಂದರು. 2001ರಲ್ಲಿ ಅಮೆರಿಕದ ಡೇಟೋನಾ ರೇಸ್‌ನಲ್ಲಿ ಡೇಲ್ ಅರ್ನ್‌ಹಾರ್ಟ್ ಅದಿಲ್ಲದೆ ಇಂಥದ್ದೇ ಪೆಟ್ಟಿನಿಂದ ಸತ್ತರು. ಫಾರ್ಮುಲಾ ಒನ್‌ನಲ್ಲಿ ಕಡ್ಡಾಯವಾದದ್ದು 2003ಕ್ಕೆ.

ಹಳೇ ಕಾರ್ಬುರೇಟರ್:
ಚಾಲಕನ ತಲೆ ಕಾಯಲು ಕಾಕ್‌ಪಿಟ್ ಮೇಲೆ ಕೂರಿಸುವ ಕಮಾನು ಹೇಲೋ, ಅದಕ್ಕೂ ಇದೇ ಗತಿ ಆಗಿತ್ತಲ್ಲ. 2018ರಲ್ಲಿ ಬಂದಾಗ ಚಪ್ಪಲಿ ಪಟ್ಟಿ ಇದ್ದಂಗಿದೆ ಅಂತ ನಕ್ಕರು. ಬೇಡ ಅಂದವರಲ್ಲಿ ರೊಮೈನ್ ಗ್ರೋಜಾನ್ ಕೂಡ ಒಬ್ಬರು. 2020ರಲ್ಲಿ ಬಹ್ರೇನ್‌ನಲ್ಲಿ ಅವರ ಕಾರು ತಡೆಗೋಡೆ ಸೀಳಿ ಎರಡು ತುಂಡಾಯಿತು. ಅರ್ಧ ನಿಮಿಷದ ಹತ್ತಿರ ಬೆಂಕಿಯೊಳಗಿದ್ದು ತಾವೇ ಎದ್ದು ಬಂದರು. ಆ ಕಬ್ಬಿಣದ ಗೋಡೆ ತಲೆಗೆ ಬಡಿಯದಂತೆ ತಡೆದದ್ದು ಹೇಲೋ.

ಮೂರನೇ ಗೇರ್:
ಸಾವು ಕಲಿಸುತ್ತದೆ ಅನ್ನೋದಾದರೆ 1955ರ ಲೆ ಮಾನ್ ಸಾಕಿತ್ತು. ಪಿಯರ್ ಲೆವೆಗ್ ಓಡಿಸುತ್ತಿದ್ದ ಮರ್ಸಿಡಿಸ್ ಜನರ ಮೇಲೆ ಹಾರಿ 80ಕ್ಕೂ ಜಾಸ್ತಿ ಜನ ಸತ್ತರು. ರೇಸ್ ನಿಲ್ಲಿಸಲೂ ಇಲ್ಲ. ಮುಂದೆ 14 ವರ್ಷ ಚಾಲಕರು ಅದೇ ಥರ ಓಡಿ ಹೋಗಿ ಕಾರು ಹತ್ತಿದರು.

ಪಿಟ್‌ಲೇನ್ ಪುಟ್ಟ:
ಆದರೂ ಸೆನ್ನಾ ಅಪಘಾತವನ್ನು ಲೋಕವೇ ಟಿವಿಯಲ್ಲಿ ನೇರವಾಗಿ ನೋಡಿತು. ಆ ಒತ್ತಡ ಬೇರೆಯೇ.

ಸ್ಲಿಪ್‌ಸ್ಟ್ರೀಮ್:
ಅಷ್ಟೊಂದು ಒತ್ತಡ ಇದ್ದಿದ್ದರೆ, ಆಗಲೇ ತಯಾರಿದ್ದ ಕಾಲರಿಗೆ ಇನ್ನೂ ಒಂಬತ್ತು ವರ್ಷ ಯಾಕೆ ಬೇಕಾಯಿತು? ಅದನ್ನು ಹೇಳಿ ಮೊದಲು.