ಮಲಗುವ ಮುಂಚೆ ಕಪಾಲಭಾತಿ ಮಾಡಬಹುದಾ? ನಿದ್ದೆ ಹತ್ತುತ್ತಿಲ್ಲ

ರಾತ್ರಿಗೂಬೆ:
ಆಫೀಸಿನ ಕಾಲ್ ಮುಗಿಯುವುದೇ ರಾತ್ರಿ ಹತ್ತೂವರೆಗೆ. ಊಟ ಮಾಡಿ ಮಲಗಿದರೆ ಎರಡು ಗಂಟೆಯಾದರೂ ಹೊರಳಾಟ. ಮಾತ್ರೆಗೆ ಕೈಹಾಕುವ ಮೊದಲು ಯೋಗ ನೋಡೋಣ ಅಂತ ಮಲಗುವ ಮುಂಚೆ ಕಪಾಲಭಾತಿ, ಆಮೇಲೆ ಧ್ಯಾನ ಮಾಡುತ್ತಿದ್ದೇನೆ. ಧ್ಯಾನಕ್ಕೆ ಕೂತರೆ ಸಾಕು, ಇಎಂಐ, ನಾಳೆಯ ಮೀಟಿಂಗು, ಪಕ್ಕದ ಮನೆಯವರ ಪಾರ್ಕಿಂಗ್ ಜಗಳ ಎಲ್ಲಾ ಒಟ್ಟಿಗೆ ತಲೆಗೆ ಬರುತ್ತವೆ. ಇದರಿಂದ ನಿಜವಾಗಿ ನಿದ್ದೆ ಬರುತ್ತಾ ಅಥವಾ ಸುಮ್ನೆ ಹೇಳುತ್ತಾರಾ?

ಕುಕ್ಕರಹಳ್ಳಿ ವಾಕರ್:
ಕಪಾಲಭಾತಿ, ಭಸ್ತ್ರಿಕಾ ಎರಡೂ ರಭಸವಾಗಿ ಉಸಿರಾಡುವ ಕ್ರಮಗಳು, ಮೈಯನ್ನು ಚುರುಕು ಮಾಡುವಂಥವು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಬೇಕು. ಊಟವಾದ ಮೇಲಂತೂ ಬೇಡವೇ ಬೇಡ. ರಾತ್ರಿಗೆ ಭ್ರಾಮರಿ ಸಾಕು. ಹಲ್ಲಿಗೆ ಹಲ್ಲು ತಾಗದ ಹಾಗೆ ದವಡೆ ಸಡಿಲ ಬಿಡಿ, ತುಟಿ ಮುಚ್ಚಿ, ಕಿವಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿಕೊಂಡು, ಉಸಿರು ತಾನಾಗಿ ಮುಗಿಯುವ ತನಕ 'ಮ್‌ಮ್‌ಮ್' ಅನ್ನುತ್ತಾ ಬಿಡಿ. ತಲೆಬುರುಡೆಯೊಳಗೆ ಗುಂಯ್‌ಗುಡಬೇಕು. ಉಸಿರು ಬಿಡುವುದು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ, ಅದೇ ಇದರ ಗುಟ್ಟು.

ಕೂತು ಧ್ಯಾನ ಬೇಡ, ಯೋಗನಿದ್ರೆ ಮಾಡಿ. ಮುಂಗೇರಿನ ಬಿಹಾರ ಯೋಗ ವಿದ್ಯಾಲಯದ ಸ್ವಾಮಿ ಸತ್ಯಾನಂದ ಸರಸ್ವತಿ ಅವರು ರೂಪಿಸಿದ ಕ್ರಮದಲ್ಲಿ ಶವಾಸನದಲ್ಲಿ ಮಲಗಿ ಬಲಗೈ ಹೆಬ್ಬೆರಳಿನಿಂದ ಶುರುಮಾಡಿ ಗಮನವನ್ನು ಒಂದೊಂದೇ ಅಂಗಕ್ಕೆ ದಾಟಿಸುತ್ತಾ ಹೋಗಬೇಕು. ಅದರಲ್ಲಿ ನಿದ್ದೆ ಹೋಗಬಾರದು ಅನ್ನುವುದು ನಿಯಮ, ನೀವು ಹೋದರೆ ಯಾರೂ ಬೈಯುವುದಿಲ್ಲ ಬಿಡಿ.

ಕಷಾಯಪ್ರಿಯ:
ಒಂದು ವಾರ ಮಾಡಿ ಕೈಬಿಡಬೇಡಿ. ಬೆಂಗಳೂರಿನ ವಿವೇಕಾನಂದ ಯೋಗ ಸಂಸ್ಥೆಯ ಸಂಶೋಧಕರು ವೃದ್ಧಾಶ್ರಮದ ಹಿರಿಯರ ಮೇಲೆ ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಗಿತ್ತು. 6 ತಿಂಗಳು ಯೋಗ ಮಾಡಿದ ಗುಂಪಿನವರಿಗೆ ಸರಾಸರಿ 10 ನಿಮಿಷ ಬೇಗ ನಿದ್ದೆ ಹತ್ತಿತು, ಒಟ್ಟು ನಿದ್ದೆ ಸುಮಾರು ಒಂದು ಗಂಟೆ ಜಾಸ್ತಿಯಾಯಿತು. ಅವರೇ ಹೇಳಿಕೊಂಡ ಲೆಕ್ಕ, ಯಂತ್ರ ಅಳೆದದ್ದಲ್ಲ, ಆದರೂ ಕಡಿಮೆಯೇನಲ್ಲ ಅಲ್ವಾ?

ಡ್ಯೂಟಿ ನರ್ಸ್:
ಎಲ್ಲಾ ಸರಿ, ಆದರೆ ಎರಡು ಗಂಟೆವರೆಗೂ ಹಾಸಿಗೆಯಲ್ಲೇ ಬಿದ್ದಿರುವುದನ್ನು ಮೊದಲು ನಿಲ್ಲಿಸಿ. ಇಪ್ಪತ್ತು ನಿಮಿಷದ ಹೊತ್ತಿಗೆ ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಮಂದ ದೀಪದಲ್ಲಿ ಕೂತು, ತೂಕಡಿಕೆ ಬಂದ ಮೇಲೆ ವಾಪಸ್ ಹೋಗಿ. ಗಡಿಯಾರ ನೋಡಬೇಡಿ. ಭಾನುವಾರವೂ ಅದೇ ಹೊತ್ತಿಗೆ ಏಳಿ. ದೀರ್ಘಕಾಲದ ನಿದ್ರಾಹೀನತೆಗೆ ವೈದ್ಯರು ಮೊದಲು ಸೂಚಿಸುವ ಸಿಬಿಟಿ-ಐ (ನಿದ್ದೆಯ ಬಗೆಗಿನ ಯೋಚನೆ, ಅಭ್ಯಾಸ ತಿದ್ದುವ) ಚಿಕಿತ್ಸೆಯಲ್ಲಿ ಇವೆಲ್ಲ ಬರುತ್ತವೆ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ದಾಟಿದ್ದರೆ ಡಾಕ್ಟರಿಗೆ ತೋರಿಸಿ. ನಿದ್ದೆ ಬರಿಸಲೇಬೇಕು ಅಂತ ಹಟಕ್ಕೆ ಬಿದ್ದು ಧ್ಯಾನಕ್ಕೆ ಕೂತರೆ ಅದೂ ಒಂದು ಡೆಡ್‌ಲೈನ್ ಆಗುತ್ತದೆ ಅಷ್ಟೇ. ಅಂದಹಾಗೆ, ಗೊರಕೆ ಇದೆಯಾ? ಸಂಜೆ ಮೇಲೆ ಕಾಫಿ?

ರಾತ್ರಿಗೂಬೆ:
ಕಾಲ್ ಮಧ್ಯೆ ಒಂದು ಸ್ಟ್ರಾಂಗ್ ಕಾಫಿ ಇದ್ದೇ ಇರುತ್ತದೆ. ಗೊರಕೆ ಜೋರಾಗಿದೆ ಅಂತ ಮನೆಯವಳು ಹೇಳುತ್ತಾಳೆ. ನಡುವೆ ಉಸಿರು ಕಟ್ಟಿದ ಹಾಗೂ ಆಗುತ್ತಂತೆ.

ಡ್ಯೂಟಿ ನರ್ಸ್:
ಹಾಗಾದರೆ ಮೊದಲು ಶ್ವಾಸಕೋಶದ ಡಾಕ್ಟರನ್ನೋ ಇಎನ್‌ಟಿಯವರನ್ನೋ ಕಂಡು ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ) ಬೇಕಾ ಅಂತ ಕೇಳಿ. ಉಸಿರು ಕಟ್ಟುವುದಕ್ಕೆ ಭ್ರಾಮರಿ ಮದ್ದಲ್ಲ. ಭ್ರಾಮರಿ ಅದರ ಪಾಡಿಗೆ ನಡೆಯಲಿ. ಕಾಫಿ ಮಾತ್ರ ಮಧ್ಯಾಹ್ನಕ್ಕೇ ಮುಗಿಸಿ.