ಮೊಳಕಾಲ್ಮೂರು ಸೀರೆ ಹುಡುಕಿದರೆ ಏನೇನೋ ಬರುತ್ತಿದೆ, ನೀವೆಲ್ಲ ಹೇಗೆ ತಗೊಂಡ್ರಿ?

ಕೇಳಿದವರು, ದಾವಣಗೆರೆ:
ಅಕ್ಕನ ಮದುವೆಗೆ ಮೊಳಕಾಲ್ಮೂರು ರೇಷ್ಮೆ ಸೀರೆ ಬೇಕು. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಸಾಲಾಗಿ ಫೋಟೋ ಬರುತ್ತವೆ. ಅದೇ ಸೀರೆ, ಅದೇ ಮಾಡೆಲ್ ಹುಡುಗಿ, ಒಂದು ಕಡೆ 1,499, ಇನ್ನೊಂದು ಕಡೆ 6 ಸಾವಿರ. ಇವೆಲ್ಲ ಎಲ್ಲಿಂದ ಬರುತ್ತವೆ? ಮೊದಲು ಕಾಣಿಸಿದ್ದೇ ಒಳ್ಳೆಯದು ಅಂತಾನಾ? ತಗೊಂಡ ಅನುಭವ ಇದ್ದವರು ಹೇಳಿ.

ಚೌಕಿಪೇಟೆ ಬಟ್ಟೆ ಅಂಗಡಿಗಳಿಗೆ ಆನ್‌ಲೈನ್ ಕೆಲಸ ಮಾಡಿಕೊಡುವವನು:
ಮೊದಲು ಬಂದದ್ದು ಒಳ್ಳೆಯದು ಅಂತ ಏನೂ ಇಲ್ಲ. ಗೂಗಲ್ ಯಾವ ಸೀರೆಯನ್ನೂ ಮುಟ್ಟಿ ನೋಡಿರುವುದಿಲ್ಲ. ಅದು ಬಹುಪಾಲು ಮಾರುವವರೇ ಕಳಿಸಿದ ಪಟ್ಟಿ. ಮರ್ಚೆಂಟ್ ಸೆಂಟರ್ ಅಂತ ಒಂದು ಖಾತೆ ಇರುತ್ತದೆ, ಅಲ್ಲಿಗೆ ಎಕ್ಸೆಲ್ ಥರದ ಫೈಲ್ ಹಾಕುತ್ತೇವೆ. ಹೆಸರು, ಬೆಲೆ, ಸ್ಟಾಕ್ ಇದೆಯಾ ಇಲ್ವಾ, ಫೋಟೋ, ಲಿಂಕ್, ಇಷ್ಟೇ. ಫೈಲ್‌ನಲ್ಲಿರುವ ಬೆಲೆಯೂ ಸೈಟ್‌ನಲ್ಲಿರುವ ಬೆಲೆಯೂ ಬೇರೆ ಬೇರೆ ಇದ್ದರೆ ಗೂಗಲ್‌ನವರ ಕಂಪ್ಯೂಟರ್ ಹಿಡಿದು ತೆಗೆದುಹಾಕುತ್ತದೆ. ಆದರೆ ಸೀರೆ ನಿಜವಾಗಿ ರೇಷ್ಮೆಯಾ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಹೆಸರಿನ ಜಾಗದಲ್ಲೇ ಆಟ ನಡೆಯುವುದು. ಮೊನ್ನೆ ಒಂದು ನೋಡಿದೆ: 'ಮೊಳಕಾಲ್ಮೂರು ಕಾಂಚೀಪುರಂ ಬನಾರಸಿ ಸಾಫ್ಟ್ ಸಿಲ್ಕ್ ಸ್ಯಾರಿ ವಿತ್ ಬ್ಲೌಸ್ ಪೀಸ್'. ಒಂದೇ ಸೀರೆಗೆ ಮೂರು ಊರು! ನೀವು ಯಾವ ಊರು ಹುಡುಕಿದರೂ ಅದು ಬರಲಿ ಅಂತ ತುಂಬಿರುತ್ತಾರೆ. ಕೆಳಗೆ ಸಣ್ಣಕ್ಷರದಲ್ಲಿ 'ಫ್ಯಾಬ್ರಿಕ್: ಆರ್ಟ್ ಸಿಲ್ಕ್' ಅಂತ ಇತ್ತು. ಆರ್ಟ್ ಸಿಲ್ಕ್, ಪಾಲಿ ಸಿಲ್ಕ್ ಅಂತಿದ್ದರೆ ಮುಂದೆ ಓದುವುದೇ ಬೇಡ, ಅದು ರೇಷ್ಮೆ ಅಲ್ಲ.

ಇನ್ನು ಫೋಟೋ ಪಕ್ಕ 'ಸ್ಪಾನ್ಸರ್ಡ್' ಅಂತ ಇದ್ದರೆ ಅದು ದುಡ್ಡು ಕೊಟ್ಟು ಹಾಕಿಸಿದ್ದು. ನೀವು ಒತ್ತಿದರೆ ಅಂಗಡಿಯವನ ದುಡ್ಡು ಹೋಗುತ್ತದೆ, ಕೊಳ್ಳಲಿ ಬಿಡಲಿ. ಆ ಜಾಗ ಹರಾಜಿನಲ್ಲಿ ಸಿಗುತ್ತದೆ, ಜಾಸ್ತಿ ಕೂಗಿದವನಿಗೇ ಅಂತಲ್ಲ, ಹುಡುಕಿದ ಮಾತಿಗೆ ಎಷ್ಟು ಹೊಂದುತ್ತದೆ ಅನ್ನುವುದನ್ನೂ ನೋಡುತ್ತಾರೆ. 2002ರಲ್ಲಿ ಫ್ರೂಗಲ್ ಅನ್ನುವ ಹೆಸರಲ್ಲಿ ಗೂಗಲ್‌ನ ಈ ಶಾಪಿಂಗ್ ಪಟ್ಟಿ ಶುರುವಾದಾಗ ಮಾರುವವರಿಗೆ ಪುಕ್ಕಟೆ ಇತ್ತು. 2012ರಲ್ಲಿ ಪೂರ್ತಿ ದುಡ್ಡಿನದು ಮಾಡಿದರು, 2020ರಿಂದ ಶಾಪಿಂಗ್ ಟ್ಯಾಬ್‌ನಲ್ಲಿ ಮತ್ತೆ ಪುಕ್ಕಟೆ ಜಾಗವೂ ಬಂತು. ಹಾಗಾಗಿ ಮೇಲಿನ ಸಾಲು ದಾಟಿ ಕೆಳಗೂ ನೋಡಿ.

ಚಳ್ಳಕೆರೆಯಿಂದ ಒಬ್ಬರು:
ನಾನು ಮಿಕ್ಸಿ, ಕುಕ್ಕರ್ ಎಲ್ಲ ಬೆಲೆ ಹೋಲಿಸಿಯೇ ಆನ್‌ಲೈನ್‌ನಲ್ಲಿ ತಗೊಳ್ಳುವುದು. ಮಾಡೆಲ್ ನಂಬರ್ ಹಾಕಿದರೆ ಸಾಕು, ಹತ್ತು ಅಂಗಡಿಯ ರೇಟು ಒಂದೇ ಕಡೆ. ಸೀರೆಗೆ ಮಾತ್ರ ಈ ಲೆಕ್ಕ ನಡೆಯಲಿಲ್ಲ. ಯಾಕೆ ಅಂತ ಗೊತ್ತಿಲ್ಲ.

ಚೌಕಿಪೇಟೆಯವನು:
ಬಾರ್‌ಕೋಡ್ ಮೇಡಂ. ಮಿಕ್ಸಿ ಡಬ್ಬದ ಮೇಲೆ ಇರುವ ಆ ನಂಬರ್ ಎಲ್ಲ ಅಂಗಡಿಯಲ್ಲೂ ಒಂದೇ, ಅದನ್ನು ಹಿಡಿದುಕೊಂಡು ಒಟ್ಟಿಗೆ ಸೇರಿಸುತ್ತಾರೆ. ಮಗ್ಗದ ಸೀರೆಗೆ ಸಾಮಾನ್ಯವಾಗಿ ಅಂಥ ನಂಬರ್ ಇರುವುದಿಲ್ಲ, ಆದ್ದರಿಂದ ಹತ್ತು ಜನ ಅದೇ ಫೋಟೋ ಕದ್ದು ಹಾಕಿದರೂ ಹತ್ತು ಬೇರೆ ಸೀರೆ ಅಂತಲೇ ತೋರಿಸುತ್ತದೆ. ಅಲ್ಲಿ ಕಾಣುವ 1,499ಕ್ಕೂ 6 ಸಾವಿರಕ್ಕೂ ಹೋಲಿಕೆ ಮಾಡುವುದೇ ತಪ್ಪು, ಒಂದೇ ಮಾಲು ಅನ್ನುವುದಕ್ಕೆ ಫೋಟೋ ಬಿಟ್ಟರೆ ಏನೂ ಸಾಕ್ಷಿ ಇಲ್ಲ. ಆ ಫೋಟೋವನ್ನು ಗೂಗಲ್ ಲೆನ್ಸ್‌ಗೆ (ಫೋಟೋ ಕೊಟ್ಟು ಹುಡುಕುವುದು) ಕೊಡಿ, ಎಲ್ಲೆಲ್ಲಿ ಓಡಾಡಿದೆ ಅಂತ ಗೊತ್ತಾಗುತ್ತದೆ.

ಚಿತ್ರದುರ್ಗ, ಸಂತೆಪೇಟೆ ಹತ್ತಿರದವರು:
ನಾನು ಒಂದು ಸೈಟ್‌ನಲ್ಲಿ 'ಪ್ಯೂರ್ ಸಿಲ್ಕ್' ಅಂತ ತರಿಸಿದೆ. ಬಂದ ತಕ್ಷಣ ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗಬೇಕು. ಇದು ಕರಗಿ ಕಪ್ಪು ಮಣಿಯಂತೆ ಗಟ್ಟಿಯಾಯಿತು, ಪ್ಲಾಸ್ಟಿಕ್ ವಾಸನೆ ಬೇರೆ. ವಾಪಸ್ ತಗೊಳ್ಳಲು ಸತಾಯಿಸಿದರು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ ಮೇಲೆ ದುಡ್ಡು ಬಂತು. 2020ರ ಇ-ಕಾಮರ್ಸ್ ನಿಯಮದಲ್ಲಿ ದೂರು ಅಧಿಕಾರಿ ಇರಲೇಬೇಕು, 48 ಗಂಟೆಯೊಳಗೆ ದೂರು ಸಿಕ್ಕಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು ಅಂತ ಇದೆ. ಹಲವರು ಮಾರುವ ಸೈಟ್ ಆದರೆ ಯಾವುದನ್ನು ಮೇಲೆ ತೋರಿಸುತ್ತೇವೆ, ಯಾಕೆ ಅನ್ನುವುದನ್ನೂ ಹೇಳಬೇಕು. ಎಲ್ಲೋ ಮೂಲೆಯಲ್ಲಿ ಬರೆದಿರುತ್ತಾರೆ, ಹುಡುಕಿ ಓದುವವರು ಯಾರು ಬಿಡಿ.

ಮತ್ತೆ ಆನ್‌ಲೈನ್‌ನಲ್ಲೇ ತಗೊಳ್ಳುವುದಾದರೆ ಸಿಲ್ಕ್ ಮಾರ್ಕ್ ಚೀಟಿಯ, ಅಂದರೆ ಅಸಲಿ ರೇಷ್ಮೆ ಅಂತ ಗುರುತಿಸುವ ಚೀಟಿಯ, ಫೋಟೋ ಕೇಳಿ. ಹಾಲೋಗ್ರಾಮ್ ಇರುತ್ತದೆ, ನಂಬರ್ ಇರುತ್ತದೆ. ಮೊಳಕಾಲ್ಮೂರು ಸೀರೆಗೆ ಜಿಐ ಟ್ಯಾಗ್ (ಆ ಊರಿನದೇ ಅನ್ನುವ ಗುರುತು) ಕೂಡ ಇದೆ, ಆದರೆ ಹೆಸರಿಗೆ ಸೇರಿಸಿ ಬರೆದ ಮಾತ್ರಕ್ಕೆ ನಂಬಬೇಡಿ.

ಕೇಳಿದವರು:
ಇಷ್ಟೆಲ್ಲ ಇದೆಯಾ! ಇನ್ನೊಂದು. ಲಿಸ್ಟ್‌ನಲ್ಲಿ ಒಂದು ಬೆಲೆ, ಕೊನೆಗೆ ಇನ್ನೊಂದು ಬೆಲೆ ಬರುತ್ತದಲ್ಲ?

ಚಳ್ಳಕೆರೆಯಿಂದ ಒಬ್ಬರು:
ಕೊರಿಯರ್ ಚಾರ್ಜ್, ಕ್ಯಾಶ್ ಆನ್ ಡೆಲಿವರಿ ಚಾರ್ಜ್ ಅಂತ ಕೊನೆಯ ಪುಟದಲ್ಲಿ ಸೇರಿಸುತ್ತಾರೆ. ಮೊದಲೇ 577001 ಹಾಕಿ ನೋಡಿ, ಪಿನ್‌ಕೋಡ್ ಹಾಕದೆ ಕಾಣುವ ಬೆಲೆ ನಂಬಬೇಡಿ. ಸುಮ್ನೆ ಒಂದು ಮಾತು: ಮದುವೆ ಸೀರೆ ಅಲ್ವಾ, ಒಂದು ಭಾನುವಾರ ಬಿಡುವು ಮಾಡಿಕೊಂಡು ಮೊಳಕಾಲ್ಮೂರಿಗೇ ಹೋಗಿ ಬನ್ನಿ, ನಮ್ಮೂರ ಮೇಲೇ ಬಸ್ಸಿದೆ. ನೇಯುವವರ ಮನೆಯಲ್ಲಿ ಸೀರೆ ಬಿಡಿಸಿ ತೋರಿಸುತ್ತಾರೆ, ಬಣ್ಣವನ್ನೂ ಅಕ್ಕನೇ ಆರಿಸಿಕೊಳ್ಳಲಿ.